ಜಗಲಿಯಿಂದ ಒಳಮನೆಗೆ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಯಾಕೆಂದು ಇಲ್ಲಿನವರಿಗೆ ಗೊತ್ತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ಹರೆಯದ ತಮ್ಮ ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಇಲ್ಲೇ. ಆದರೆ ಕಾರವಾರಕ್ಕೆ ಬರುವ ಐದು ವರ್ಷ ಮೊದಲು ಇದೇ ತರುಣ ಓದಲೆಂದು ಪರದೇಶಕ್ಕೆ ಹೋಗಿ, ಚಳಿಯಲ್ಲಿ ಒಂಟಿಯಾಗಿ ಕೂತ ಹುಡುಗನಾಗಿದ್ದ ಸಂಗತಿ ಅಷ್ಟಾಗಿ ಯಾರ ನೆನಪಿಗೂ ಬರುವುದಿಲ್ಲ.

1878ರ ಸೆಪ್ಟೆಂಬರಿನಲ್ಲಿ, 17ನೆಯ ವಯಸ್ಸಿನಲ್ಲಿ, ಅವರು ಅಣ್ಣನ ಜೊತೆ ಮುಂಬಯಿಯಿಂದ ಹಡಗು ಹತ್ತಿದರು. ಮೊದಲು ಬ್ರೈಟನ್ನಿನ ಶಾಲೆ, ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜು. ಲಂಡನ್ನಿನಲ್ಲಿ ಮೊದಲು ಸಿಕ್ಕಿದ್ದು ಒಂದು ಬಾಡಿಗೆ ಕೋಣೆ. ಕಿಟಕಿಯಾಚೆ ಎಲೆಯುದುರಿದ ಮರಗಳು, ಹಿಮ. ಕೊನೆಗೆ ಡಾಕ್ಟರ್ ಸ್ಕಾಟ್ ಎಂಬುವರ ಮನೆಯಲ್ಲಿ ಇರಲು ಜಾಗ ಸಿಕ್ಕಿತು. ಪುಸ್ತಕ, ಪೆಟ್ಟಿಗೆ ಹೊತ್ತು ಸಂಜೆ ಅಲ್ಲಿಗೆ ಹೋದಾಗ ಇದ್ದವರು ಮುದಿ ಡಾಕ್ಟರು, ಅವರ ಹೆಂಡತಿ, ಹಿರಿಯ ಮಗಳು ಮಾತ್ರ. ಭಾರತದವನೊಬ್ಬ ಮನೆಗೆ ಬರುತ್ತಾನೆಂದು ಹೆದರಿ ಕಿರಿಯ ಹೆಣ್ಣುಮಕ್ಕಳಿಬ್ಬರೂ ನೆಂಟರ ಮನೆಗೆ ಹೋಗಿಬಿಟ್ಟಿದ್ದರು! ಈತ ಅಪಾಯದವನಲ್ಲ ಎಂಬ ಸುದ್ದಿ ತಲುಪಿದ ಮೇಲೆಯೇ ಅವರು ಹಿಂದಿರುಗಿದ್ದಿರಬೇಕು ಎಂದು ‘ಜೀವನಸ್ಮೃತಿ’ಯಲ್ಲಿ ಟಾಗೋರರು ನಗುತ್ತ ನೆನೆಯುತ್ತಾರೆ.

ಕೆಲವೇ ವಾರಗಳಲ್ಲಿ ಆತ ಆ ಮನೆಯ ಮಗನಾದ. ಡಾಕ್ಟರು ಮನೆಗೆ ಬರುವ ಹೊತ್ತಿಗೆ ಅವರ ಆರಾಮಕುರ್ಚಿಯನ್ನೂ ಉಣ್ಣೆಯ ಚಪ್ಪಲಿಯನ್ನೂ ಶ್ರೀಮತಿ ಸ್ಕಾಟ್ ತಾವೇ ಬೆಂಕಿಯ ಮುಂದೆ ಇಡುವುದನ್ನು ಕಂಡ. ಗಂಡನ ಮೇಲಿನ ಅಕ್ಕರೆ ನಮ್ಮ ಹೆಂಗಸರಿಗೇ ಮೀಸಲು ಎಂದು ಕೇಳಿಕೊಂಡು ಬಂದಿದ್ದವನಿಗೆ ಆ ಮಾತು ಸುಳ್ಳೆಂದು ಅಲ್ಲಿ ತಿಳಿಯಿತು. ಊರಿಗೆ ಮರಳಬೇಕೆಂದು ತಂದೆಯ ಕರೆ ಬಂದಾಗ ಆಕೆ ಹುಡುಗನ ಕೈ ಹಿಡಿದು ಅತ್ತರು. 1880ರಲ್ಲಿ ಆತ ಪದವಿಯಿಲ್ಲದೆ ಹಿಂದಿರುಗಿದ. ಪಠ್ಯದಲ್ಲಿ ಇಲ್ಲದ್ದನ್ನು ಮಾತ್ರ ಚೆನ್ನಾಗಿ ಕಲಿತು ಬಂದಿದ್ದ.

ಪರದೇಶದಲ್ಲಿ ಓದುವ ನಮ್ಮ ಮಕ್ಕಳ ಬಗ್ಗೆ ಇಂದು ನಡೆಯುವ ಚರ್ಚೆಯೆಲ್ಲ ಶುಲ್ಕ, ಸಾಲ, ವೀಸಾ, ಕೆಲಸ ಈ ನಾಲ್ಕು ಕಂಬಗಳ ನಡುವೆಯೇ ಸುತ್ತುತ್ತದೆ. ಈ ಲೇಖನ ಎತ್ತಿಕೊಂಡದ್ದು ಐದನೆಯದನ್ನು: ಆ ಊರಿನ ಒಂದು ಮನೆಯ ಬಾಗಿಲು ನಮ್ಮ ಹುಡುಗನಿಗೆ, ಹುಡುಗಿಗೆ ತೆರೆಯುವುದು ಹೇಗೆ, ತೆರೆಯದೆ ಇರುವುದು ಯಾಕೆ?

ಕರಾವಳಿಯಿಂದ ಹೊರಟ ದಾರಿಗಳು

ಕಾರವಾರ, ಅಂಕೋಲೆಗಳಿಗೆ ಮನೆ ಬಿಟ್ಟು ಹೋಗುವುದು ಹೊಸತಲ್ಲ. 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯ ಪಾಲಿಗೆ ಮೊದಲ ‘ಪರದೇಶ’ ಮುಂಬಯಿಯೇ. ಓದಲು ಘಟ್ಟ ಹತ್ತಿ ಧಾರವಾಡಕ್ಕೆ, ದುಡಿಯಲು ಹಡಗಿನಲ್ಲಿ ಮುಂಬಯಿಗೆ. ಆಮೇಲೆ ಗಲ್ಫ್, ‘ಶಿಪ್ಪಿನ ಮೇಲಿನ’ ನೌಕರಿ, ದಿನಾ ಬೆಳಿಗ್ಗೆ ಗಡಿ ದಾಟುವ ಗೋವೆಯ ಕೆಲಸ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಈ ದಾರಿಗಳೆಲ್ಲ ಹತ್ತಿರವಾದವು.

ಓದಿನ ದಾರಿ ಇಷ್ಟು ಅಗಲವಾಗಲು ಊರಲ್ಲೇ ಶಾಲೆ ಬೇಕಿತ್ತು. ಅಂಕೋಲೆ ಸೀಮೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಚುಟುಕಗಳಿಂದ ನಾಡಿಗೆಲ್ಲ ಗೊತ್ತಿರುವ ಈ ಕವಿ, ಗೇಣಿದಾರರ ಮಕ್ಕಳ ಕೈಗೆ ಪುಸ್ತಕ ಕೊಟ್ಟವರೆಂದೇ ಈ ಕಡೆಯವರಿಗೆ ಹೆಚ್ಚು ಆಪ್ತರು. ಇಂದು ಜರ್ಮನಿಗೋ ಐರ್ಲೆಂಡಿಗೋ ಅರ್ಜಿ ಹಾಕುವ ಅಂಕೋಲೆಯ ಎಷ್ಟೋ ಮಕ್ಕಳ ಅಜ್ಜ-ಅಜ್ಜಿ ಇಂಥ ಶಾಲೆಗಳ ಮೊದಲ ಬೆಂಚಿನವರು.

ಬರಹಗಾರರಲ್ಲೂ ಈ ದಾರಿ ಹಿಡಿದವರಿದ್ದಾರೆ. ಗಂಗಾವಳಿಯ ಆಚೆ ದಂಡೆಯ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಸಾಯನ ತಂತ್ರಜ್ಞಾನ ಓದಿ, ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ಮುಂದಿನ ಓದು ಮುಗಿಸಿದರು. ಬದುಕು ಮುಂಬಯಿಯಲ್ಲಿ ನಡೆದರೂ ಕಥೆಗಳಿಗೆ ಮಾತ್ರ ಹನೇಹಳ್ಳಿಯೇ ಬೇಕಾಯಿತು. ಹಳಿಯಾಳದ ಶಾಂತಿನಾಥ ದೇಸಾಯಿಯವರು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದಿ ಬಂದವರು. ಅವರು ತೀರಿಕೊಂಡ ಮೇಲೆ 2000ದ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಓಂ ಣಮೋ’ ಕಾದಂಬರಿಯಲ್ಲಿ ದಾರಿ ತಿರುವುಮುರುವು: ವಿದೇಶದಿಂದ ಸಂಶೋಧನೆಗೆಂದು ಬಂದವರು ಇಲ್ಲಿನ ಜೈನ ಕುಟುಂಬಗಳ ಒಳಗಿಳಿಯುತ್ತಾರೆ. ಪರದೇಶದಲ್ಲಿ ವಿದ್ಯಾರ್ಥಿಯಾಗಿ ಇದ್ದು ಬಂದವರ ಕಣ್ಣಿಗೇ ತಮ್ಮ ಮನೆಯನ್ನು ಹೊರಗಿನವ ಹೇಗೆ ನೋಡಬಹುದೆಂಬುದು ಹೊಳೆಯುವುದು.

ಇಂದು ಈ ಹರಿವು ಹೊಳೆಯಾಗಿದೆ. ಅಮೆರಿಕದಲ್ಲಿ 2023-24ರಲ್ಲಿ ಓದುತ್ತಿದ್ದ ಭಾರತೀಯರು 3,31,602. ಆ ವರ್ಷ ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂತು. ಜರ್ಮನಿಯಲ್ಲೂ ಅದೇ ಚಳಿಗಾಲದ ಸೆಮಿಸ್ಟರಿನಲ್ಲಿ 49,000ಕ್ಕೂ ಹೆಚ್ಚು ಭಾರತೀಯರಿದ್ದರು. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಗುಂಪು. ಇಷ್ಟು ಮಂದಿ ಒಟ್ಟಿಗೆ ಹೋದಾಗ ಆಗುವುದೊಂದಿದೆ. ಟಾಗೋರರಿಗೆ ಸ್ಕಾಟರ ಮನೆ ಬಿಟ್ಟು ಗತಿಯಿರಲಿಲ್ಲ. ಇಂದಿನವರಿಗೆ ಗತಿಯುಂಟು, ಬೇಕಾದಷ್ಟುಂಟು. ಸಮಸ್ಯೆಯ ಬೇರು ಇರುವುದೂ ಅಲ್ಲೇ.

ಪಂಡಿತರು ಏನನ್ನುತ್ತಾರೆ?

ಪರವೂರಿಗೆ ಹೊಂದಿಕೊಳ್ಳುವುದರ ಅಧ್ಯಯನಕ್ಕೆ ಎಪ್ಪತ್ತು ವರ್ಷ ದಾಟಿದೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1950ರ ದಶಕದಲ್ಲಿ ‘ಕಲ್ಚರ್ ಶಾಕ್’ ಎಂಬ ಮಾತನ್ನು ಬಳಕೆಗೆ ತಂದರು. ಕೈ ಕುಲುಕಬೇಕೋ ಬೇಡವೋ, ಯಾವಾಗ ನಗಬೇಕು, ಯಾವಾಗ ಸುಮ್ಮನಿರಬೇಕು ಎಂಬಂಥ ನೂರು ಸಣ್ಣ ಸನ್ನೆಗಳು ಕೈತಪ್ಪಿದಾಗ ಹುಟ್ಟುವ ದಿಗಿಲು ಅದು. 1955ರಲ್ಲಿ ನಾರ್ವೆಯ ಸ್ವೆರೆ ಲಿಸ್‌ಗೋರ್, ಅಮೆರಿಕದಲ್ಲಿ ಇದ್ದು ಬಂದ 200 ಫುಲ್‌ಬ್ರೈಟ್ ವಿದ್ವಾಂಸರನ್ನು ಮಾತಾಡಿಸಿ, ಹೊಂದಾಣಿಕೆ ತೊಟ್ಟಿಲ ಆಕಾರದಲ್ಲಿ ಸಾಗುತ್ತದೆ ಎಂದರು: ಮೊದಲು ಸಂಭ್ರಮ, ಆರರಿಂದ ಹದಿನೆಂಟು ತಿಂಗಳ ನಡುವೆ ಕುಸಿತ, ಆಮೇಲೆ ಮತ್ತೆ ಏರು. ಈ ತೊಟ್ಟಿಲನ್ನು ಅನೇಕರು ಇಂದಿಗೂ ಪಾಠದಂತೆ ಒಪ್ಪಿಸುತ್ತಾರೆ. ಆದರೆ 1998ರಲ್ಲಿ ಕೊಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿನ ಜಪಾನಿ ವಿದ್ಯಾರ್ಥಿಗಳನ್ನು ಮೊದಲ ದಿನದಿಂದಲೇ ಗಮನಿಸಿದಾಗ ಸಂಭ್ರಮದ ಕಾಲವೇ ಕಾಣಲಿಲ್ಲ. ಬಂದ ಹೊಸದರಲ್ಲೇ ಕಷ್ಟ ಎಲ್ಲಕ್ಕಿಂತ ಹೆಚ್ಚಿತ್ತು. ಹೊರಗೆ ಹೋದ ಮಗಳು ಮೊದಲ ವಾರ ಫೋನಿನಲ್ಲಿ ‘ಎಲ್ಲ ಚಂದ ಇದೆ ಅಮ್ಮಾ’ ಎಂದು ದನಿ ಏರಿಸಿ ಹೇಳಿದಾಗ ಅಮ್ಮನಿಗೆ ಅನುಮಾನ ಬರುವುದುಂಟಲ್ಲ, ಆ ಅನುಮಾನ ವಾರ್ಡ್ ಅವರ ಕಡೆಗಿದೆ.

ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು ಸ್ಟೀಫನ್ ಬಾಕ್ನರ್ 1977ರಲ್ಲಿ ಹೇಳಿದ್ದು. ವಿದೇಶಿ ವಿದ್ಯಾರ್ಥಿಗೆ ಮೂರು ಬಗೆಯ ಗೆಳೆತನ ಇರುತ್ತದೆ. ತನ್ನ ದೇಶದವರ ಜೊತೆ ಮನಸ್ಸು ಬಿಚ್ಚಲು. ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳ ಜೊತೆ ತಿರುಗಾಡಿ ನಲಿಯಲು. ಆ ನೆಲದವರ ಜೊತೆ ಮಾತ್ರ ಕೆಲಸವಾಗಲು, ಓದಿಗೆ, ಕಾಗದಪತ್ರಕ್ಕೆ. ಮೂರನೆಯದು ಹೆಚ್ಚಾಗಿ ಆಫೀಸಿನ ಮೇಜಿನಾಚೆ ದಾಟುವುದೇ ಇಲ್ಲ. ಜಾನ್ ಬೆರಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು ಪರವೂರಲ್ಲಿ ಬದುಕುವವರ ಮುಂದೆ ನಾಲ್ಕು ದಾರಿಗಳಿವೆ ಎಂದರು: ತನ್ನತನ ಉಳಿಸಿಕೊಂಡು ಬೆರೆಯುವುದು, ತನ್ನದನ್ನು ಬಿಟ್ಟು ಕರಗುವುದು, ಬೇಲಿ ಹಾಕಿಕೊಂಡು ಕೂರುವುದು, ಅತ್ತಲೂ ಇಲ್ಲ ಇತ್ತಲೂ ಇಲ್ಲದ ತ್ರಿಶಂಕುವಾಗುವುದು. ಮೊದಲನೆಯದೇ ಮೇಲು ಎಂಬುದು ಅವರ ಮತ.

ಭಾರತೀಯರ ಬಗ್ಗೆಯೇ ಬಂದ ಹಳೆಯ ಅಧ್ಯಯನಗಳಲ್ಲಿ 1956ರ ಲ್ಯಾಂಬರ್ಟ್ ಮತ್ತು ಬ್ರೆಸ್ಲರ್ ಅವರದು ನೆನೆಯುವಂಥದು. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದ ಈ ಉಪಖಂಡದವರನ್ನು ಹತ್ತಿರದಿಂದ ಗಮನಿಸಿದ ಅವರು ಒಂದು ಮಾತು ಎತ್ತಿ ತೋರಿಸಿದರು. ಆತಿಥೇಯರು ಜಾತಿ, ಅಸ್ಪೃಶ್ಯತೆ, ಜನಸಂಖ್ಯೆ ಎಂದು ಕೇಳುತ್ತಲೇ ವಿದ್ಯಾರ್ಥಿ ಮುಳ್ಳುಹಂದಿಯಾಗುತ್ತಾನೆ. ಊರಲ್ಲಿದ್ದಾಗ ತಾನೇ ಟೀಕಿಸುತ್ತಿದ್ದುದನ್ನು ಅಲ್ಲಿ ಸಮರ್ಥಿಸಲು ನಿಲ್ಲುತ್ತಾನೆ. ಒಬ್ಬನ ಹೆಗಲ ಮೇಲೆ ಇಡೀ ದೇಶ ಬಂದು ಕೂತಾಗ ಗೆಳೆತನಕ್ಕೆ ಜಾಗ ಉಳಿಯುವುದು ಕಷ್ಟ.

ನಮ್ಮವರ ಆಸರೆ, ನಮ್ಮವರ ಗೋಡೆ

ಇಂದಿನ ವಿದ್ಯಾರ್ಥಿ ವಿಮಾನ ಏರುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಸೇರಿರುತ್ತಾನೆ. ಕೋಣೆ, ಸಿಮ್, ಹಳೆಯ ಹಾಸಿಗೆ, ಕುಕ್ಕರ್ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಬಹಳ ಊರುಗಳಲ್ಲಿ ಕನ್ನಡ ಕೂಟಗಳಿವೆ. ರಾಜ್ಯೋತ್ಸವ, ಯುಗಾದಿಗೆ ಬಿಸಿಬೇಳೆಬಾತ್ ಸಿಗುತ್ತದೆ. ಇದನ್ನು ಹಗುರವಾಗಿ ಕಾಣಬಾರದು. ಜ್ವರ ಬಂದ ರಾತ್ರಿ ಗಂಜಿ ಕಾಯಿಸಿ ಕೊಡುವವನು ಕೋಣೆಯ ಜೊತೆಗಾರನೇ. ಮಾತೃಭಾಷೆಯ ಹಸಿವೂ ಹೊಟ್ಟೆಯ ಹಸಿವಿನಷ್ಟೇ ನಿಜ. 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ಅನಂತಮೂರ್ತಿಯವರು ಅಲ್ಲಿ ಕೂತು ‘ಸಂಸ್ಕಾರ’ ಬರೆದದ್ದರ ಹಿಂದೆ, ಗುರು ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ನೋಡಿದ ಬರ್ಗ್‌ಮನ್ ಸಿನಿಮಾ ಇದ್ದ ಹಾಗೆ, ದಿನವೆಲ್ಲ ಇಂಗ್ಲಿಷ್ ಆಡಿ ದಣಿದ ನಾಲಗೆಯೂ ಇತ್ತು.

ಆದರೆ ಆಸರೆ ಗೋಡೆಯಾಗಲು ಹೆಚ್ಚು ದಿನ ಬೇಡ. ಆರು ಮಂದಿ ಭಾರತೀಯರು ಒಂದು ಮನೆ ಹಿಡಿದು, ಭಾರತೀಯ ಅಂಗಡಿಯ ಸಾಮಾನಿನಲ್ಲಿ ಅಡಿಗೆ ಮಾಡಿ, ಭಾರತೀಯನೇ ಮಾಲೀಕನಾದ ಹೋಟೆಲಿನಲ್ಲಿ ಸಂಜೆ ದುಡಿದು, ಎರಡು ವರ್ಷಕ್ಕೆ ಪದವಿ ಹಿಡಿದು ಹೊರಬಂದರೆ ಆ ದೇಶದ ಒಂದು ಮನೆಯ ಒಳಗನ್ನೂ ಅವರು ನೋಡಿರುವುದಿಲ್ಲ. ಅವರ ಮಟ್ಟಿಗೆ ಆ ದೇಶ ಬಸ್ಸು, ಬ್ಯಾಂಕು, ಬಿಲ್ಲು ಅಷ್ಟೇ. ಕರಾವಳಿಯ ಹುಡುಗನಿಗೆ ಈ ‘ನಮ್ಮವರ’ ಮನೆಯಲ್ಲೂ ಒಂದು ತೊಡಕುಂಟು. ಚೀಲದ ತಳದಲ್ಲಿ ಅವ್ವ ಕಟ್ಟಿಕೊಟ್ಟ ಒಣಸಿಗಡಿ ಇದ್ದರೆ ಸಸ್ಯಾಹಾರಿ ಜೊತೆಗಾರರ ನಡುವೆ ಅದನ್ನು ಹುರಿಯುವುದು ಎಲ್ಲಿ? ಆಸ್ಟ್ರೇಲಿಯದಂಥ ಕಡೆ ಇಂಥ ಗಂಟನ್ನು ವಿಮಾನ ನಿಲ್ದಾಣದಲ್ಲೇ ಬಿಚ್ಚಿ ತೋರಿಸಬೇಕು. ಬಂಗಡೆಯ ಪಳದಿ ನೆನೆದು ಬಾಯಲ್ಲಿ ನೀರೂರಿಸಿಕೊಂಡ ಹುಡುಗನಿಗೆ, ದೇಶದ ಜೊತೆಗಾರರಿಗಿಂತ ಮೀನು ತಿನ್ನುವ ನಾರ್ವೆಯ ಮುದುಕಿಯೋ ಪೋರ್ಚುಗಲ್ಲಿನ ನೆರೆಯವನೋ ಹತ್ತಿರದವರಾದರೆ ಅಚ್ಚರಿಯಿಲ್ಲ. ಒಣಮೀನಿನ ವಾಸನೆಗೆ ಅವರು ಮೂಗು ಮುಚ್ಚುವವರಲ್ಲ.

ಬಾಗಿಲು ತೆರೆದ ಮನೆಗಳು, ತೆರೆಯದವು

ಟಾಗೋರರು ಕಾರವಾರಕ್ಕೆ ಬಂದ 1883ರಲ್ಲೇ ಇದೇ ಮುಂಬಯಿ ಪ್ರಾಂತದ ಹೆಣ್ಣುಮಗಳೊಬ್ಬಳು ಅಮೆರಿಕ ಸೇರಿದಳು. ಕಲ್ಯಾಣದ ಆನಂದಿಬಾಯಿ ಜೋಶಿ. ವಯಸ್ಸು 18. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದಿ 1886ರಲ್ಲಿ ಪದವಿ ಪಡೆದಳು. ಆಕೆಯನ್ನು ಬರಮಾಡಿಕೊಂಡವರು ನ್ಯೂಜೆರ್ಸಿಯ ರೋಸೆಲ್‌ನ ಥಿಯೊಡಿಸಿಯಾ ಕಾರ್ಪೆಂಟರ್. ಪತ್ರಿಕೆಯಲ್ಲಿ ಆನಂದಿಯ ವಿಷಯ ಓದಿ, ತಾವಾಗಿ ಕಾಗದ ಬರೆದು, ವರ್ಷಗಟ್ಟಲೆ ಪತ್ರದಲ್ಲೇ ಬಳಗವಾದವರು. ಆನಂದಿ ಅವರನ್ನು ‘ಮಾವಶಿ’, ಅಂದರೆ ಚಿಕ್ಕಮ್ಮ ಎಂದು ಕರೆದಳು. 1887ರಲ್ಲಿ, 22 ತುಂಬುವ ಮೊದಲೇ, ಊರಿಗೆ ಬಂದು ತೀರಿಕೊಂಡ ಆಕೆಯ ಅಸ್ಥಿ ಕಾರ್ಪೆಂಟರ್ ಕುಟುಂಬದ ಸಮಾಧಿಭೂಮಿಯಲ್ಲಿದೆ. ತಮ್ಮ ಮನೆಯವರ ಜೊತೆಯಲ್ಲೇ ಆಕೆಗೂ ಅವರು ಜಾಗ ಕೊಟ್ಟರು.

ಆನಂದಿ ಅಮೆರಿಕ ಸೇರಿದ ಐದು ವರ್ಷದ ಬಳಿಕ, 1888ರಲ್ಲಿ, ಗಾಂಧಿ ಲಂಡನ್ನಿಗೆ ಹೋದರು. ಬ್ರೈಟನ್ನಿನ ಹೋಟೆಲೊಂದರಲ್ಲಿ ಫ್ರೆಂಚ್ ಊಟದ ಪಟ್ಟಿ ಅರ್ಥವಾಗದೆ ಕೂತಾಗ ಮುದುಕಿಯೊಬ್ಬಳು ಓದಿ ಹೇಳಿ, ಮಾಂಸವಿಲ್ಲದ್ದನ್ನು ಆರಿಸಿಕೊಟ್ಟಳು. ಭಾನುವಾರದ ಊಟಕ್ಕೆ ಲಂಡನ್ನಿನ ತನ್ನ ಮನೆಗೆ ಕರೆಯತೊಡಗಿದಳು. ಮದುವೆಯಾಗಿದ್ದರೂ ಬ್ರಹ್ಮಚಾರಿಯಂತೆ ನಟಿಸುವುದು ಆಗಿನ ಭಾರತೀಯ ವಿದ್ಯಾರ್ಥಿಗಳ ರೂಢಿ. ಗಾಂಧಿಯೂ ಹಾಗೇ ಇದ್ದರು. ಮುದುಕಿ ತನ್ನ ಮನೆಯ ಹುಡುಗಿಯ ಪರಿಚಯ ಬೆಳೆಸತೊಡಗಿದಾಗ ಹೆದರಿ, ನನಗೆ ಮದುವೆಯಾಗಿದೆ, ಮಗನಿದ್ದಾನೆ ಎಂದು ಕಾಗದ ಬರೆದರು. ಆಕೆ ಸಿಟ್ಟಾಗಲಿಲ್ಲ. ನಕ್ಕು, ಊಟಕ್ಕೆ ಬರುವುದನ್ನು ಬಿಡಬೇಡ ಎಂದಳು. ಸ್ನೇಹ ಗಟ್ಟಿಯಾದದ್ದು ಸುಳ್ಳು ಕಳಚಿದ ಮೇಲೆ.

ಎಲ್ಲ ಆಮಂತ್ರಣವೂ ಸ್ನೇಹವಲ್ಲ. ಇದಕ್ಕೂ ಟಾಗೋರರೇ ಸಾಕ್ಷಿ. ಭಾರತದಲ್ಲಿ ಅಧಿಕಾರಿಯಾಗಿದ್ದವನ ವಿಧವೆಯೊಬ್ಬಳು ತರುಣ ಟಾಗೋರರನ್ನು ‘ರೂಬಿ’ ಎಂದು ಕರೆಯುತ್ತಿದ್ದಳು. ತನ್ನ ಗಂಡನ ಮೇಲೆ ಯಾರೋ ಬರೆದ ಶೋಕಗೀತೆಯನ್ನು ಬೇಹಾಗ್ ರಾಗದಲ್ಲಿ ಹಾಡಿಸಿ, ಕಂಡಕಂಡ ಕೂಟಗಳಲ್ಲಿ ಮತ್ತೆ ಮತ್ತೆ ಹಾಡೆಂದು ಪೀಡಿಸುತ್ತಿದ್ದಳು. ಒಮ್ಮೆ ದೂರದ ತನ್ನ ಊರಿಗೆ ಕರೆಸಿಕೊಂಡು, ಚಳಿಯ ರಾತ್ರಿ ಊಟ ಹಾಕದೆ, ಮಲಗಲು ಛತ್ರದಂಥ ಜಾಗಕ್ಕೆ ಕಳಿಸಿದಳು. ಬೆಳಿಗ್ಗೆ ರೋಗಿಯೊಬ್ಬಳ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸಿ ಅದೇ ಹಾಡು ಹಾಡಿಸಿದಳು.

ಸ್ಕಾಟರ ಮನೆಗೂ ಈ ಮನೆಗೂ ಇರುವ ಅಂತರವೇ ನಮ್ಮ ಪ್ರಶ್ನೆಯ ಗಂಟು. ಒಂದು ಕಡೆ ವಿದ್ಯಾರ್ಥಿ ಪ್ರದರ್ಶನದ ವಸ್ತು, ಇನ್ನೊಂದು ಕಡೆ ದಿನಚರಿಯ ಪಾಲುದಾರ. ನಮ್ಮ ಮನೆಗಳ ಭಾಷೆಯಲ್ಲಿ ಹೇಳುವುದಾದರೆ ಒಂದು ಜಗಲಿ, ಒಂದು ಒಳಮನೆ. ಜಗಲಿಯಲ್ಲಿ ಕೂತವನಿಗೆ ಬೆಲ್ಲ-ನೀರು ಸಿಗುತ್ತದೆ, ಆಸರಿಗೆ ಏನು ಬೇಕೆಂದು ಕೇಳುತ್ತಾರೆ, ಕ್ಷೇಮ ವಿಚಾರಿಸುತ್ತಾರೆ. ಒಳಮನೆಗೆ ಬಂದವನ ಕೈಗೆ ತೆಂಗಿನಕಾಯಿ ಕೊಟ್ಟು ‘ಇದೊಂದು ಹೆರೆದುಕೊಡು’ ಅನ್ನುತ್ತಾರೆ. ಮನೆಯವನಾದ ಗುರುತು ಆ ಕೆಲಸವೇ.

ಒಳಮನೆಯ ದಾರಿ

ಇಂದು ಆ ದಾರಿಗಳು ಯಾವುವು? ಕೆಲವು ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಯನ್ನು ಊರಿನ ಕುಟುಂಬವೊಂದಕ್ಕೆ ಜೋಡಿಸುತ್ತವೆ. ಮನೆಯಲ್ಲಿ ಇಟ್ಟುಕೊಳ್ಳುವುದಲ್ಲ, ಹಬ್ಬಕ್ಕೆ, ರಜೆಗೆ ಊಟಕ್ಕೆ ಕರೆಯುವುದು. ಕೆನಡಾ, ಆಸ್ಟ್ರೇಲಿಯಗಳಲ್ಲಿ ದುಡ್ಡು ಕೊಟ್ಟು ಕುಟುಂಬದ ಜೊತೆ ಇರುವ ಹೋಮ್‌ಸ್ಟೇ ಇದೆ. ಅದು ಮನೆಯಾದರೂ ಆದೀತು, ಲಾಡ್ಜ್ ಆಗಿಯೇ ಉಳಿದೀತು. ಜರ್ಮನಿಯಲ್ಲಿ ‘ಫೆರಾಯ್ನ್’ ಎಂಬ ಸಂಘಗಳು ಊರಿಗೆ ಹತ್ತಾರು: ಫುಟ್‌ಬಾಲಿಗೆ, ಹಾಡಿಗೆ, ತೋಟಕ್ಕೆ. ನಮ್ಮ ಯಕ್ಷಗಾನ ಮೇಳದ ಬಯಲಿನಲ್ಲಿ ಚೌಕಿ ಕಟ್ಟುವಾಗ ಕೈಜೋಡಿಸಿದವನು ಊರಿನವನಾಗುವ ಹಾಗೆ, ಅಲ್ಲಿ ಸಂಘದ ಬೆಂಚು ಎತ್ತಿಟ್ಟವನು ಊರಿನವನಾಗುತ್ತಾನೆ. ಭಾಷೆ ವಿನಿಮಯ ಇನ್ನೊಂದು ದಾರಿ: ನೀ ನನಗೆ ಜರ್ಮನ್ ಕಲಿಸು, ನಾ ನಿನಗೆ ಇಂಗ್ಲಿಷ್. ಚರ್ಚುಗಳ ಉಚಿತ ಊಟಗಳೂ ಇವೆ. ಅವುಗಳಲ್ಲಿ ಕೆಲವು ಪ್ರೀತಿಯವು, ಕೆಲವು ಮತಾಂತರದ ಆಸೆಯವು. ಎರಡನ್ನೂ ಗುರುತಿಸುವ ಜಾಣತನ ಬೇಕು.

ಬಾಗಿಲು ತೆರೆದ ಮೇಲೆ ಎಡವುವುದು ಸಣ್ಣ ಸಂಗತಿಗಳಲ್ಲಿ. ಅಂಕೋಲೆಯಲ್ಲಿ ಹೇಳದೆ ಕೇಳದೆ ಹೋದರೆ ಪ್ರೀತಿ. ಅಲ್ಲಿ ಮೊದಲೇ ದಿನ, ಗಂಟೆ ಗೊತ್ತುಮಾಡಿಕೊಂಡರೆ ಪ್ರೀತಿ. ಇಲ್ಲಿ ಮೂರು ಸಲ ಬೇಡ ಅಂದ ಮೇಲೆ ನಾಲ್ಕನೆಯ ಸಲ ಬಡಿಸಿಕೊಳ್ಳುವುದು ಮರ್ಯಾದೆ. ಅಲ್ಲಿ ಒಮ್ಮೆ ಬೇಡ ಅಂದರೆ ತಟ್ಟೆ ಒಳಗೆ ಹೋಯಿತು, ಹೊಟ್ಟೆ ಖಾಲಿ ಉಳಿಯಿತು. ಇಲ್ಲಿ ಮನೆಯವರಿಗೆ ‘ಥ್ಯಾಂಕ್ಸ್’ ಅಂದರೆ ಅವರು ಹೊರಗಿನವರಾದ ಹಾಗೆ. ಅಲ್ಲಿ ಅನ್ನದಿದ್ದರೆ ಒರಟುತನ. ಕನ್ನಡದವ ಹೊರಡುವಾಗ ‘ಬರ್ತೆ’ ಅನ್ನುತ್ತಾನೆ, ಕೊಂಕಣಿಯವ ‘ಯೆತಾ’ ಅನ್ನುತ್ತಾನೆ. ‘ಹೋಗ್ತೆ’ ಅಂದರೆ ಅಪಶಕುನ. ಆ ‘ಬರ್ತೆ’ಯನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಮನೆಯೊಡತಿ ಬಾಗಿಲು ತೆರೆದಿಟ್ಟು ಕಾಯುತ್ತಾಳೆ!

ಇಂಥವನ್ನು ಹೋಗುವ ಮೊದಲೇ ಕಲಿಯಬಹುದು. ಟಾಗೋರರನ್ನೂ ಹಡಗು ಹತ್ತಿಸುವ ಮೊದಲು ಮುಂಬಯಿಯಲ್ಲಿ ಪ್ರಾರ್ಥನಾ ಸಮಾಜದ ಆತ್ಮಾರಾಮ ಪಾಂಡುರಂಗರ ಮನೆಯಲ್ಲಿ ಇರಿಸಿದ್ದರು. ಇಂಗ್ಲೆಂಡು ನೋಡಿ ಬಂದಿದ್ದ ಮಗಳು ಅನ್ನಾ, ಟಾಗೋರರಿಗೆ ಅಲ್ಲಿನ ಮಾತುಕತೆಯ ರೀತಿ ಕಲಿಸಿದರು. ಈಗಿನ ಕನ್ಸಲ್ಟೆನ್ಸಿಗಳು ಅರ್ಜಿ ತುಂಬಿಸುತ್ತವೆ, ಪರೀಕ್ಷೆಗೆ ಉರುಹೊಡೆಸುತ್ತವೆ; ಒಂದು ಮನೆಯಲ್ಲಿ ಹೇಗೆ ಕೂರಬೇಕೆಂದು ಕಲಿಸುವುದಿಲ್ಲ.

ಕಾರವಾರದ ಮಕ್ಕಳಿಗೆ ಒಂದು ಹುಟ್ಟುಗುಣವಿದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ-ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಎದುರಿನವನ ಬಾಯಿ ನೋಡಿ ಭಾಷೆ ಬದಲಿಸುವ ಅಭ್ಯಾಸ ಗಡಿನಾಡಿನ ಬಳುವಳಿ. ಐದು ಭಾಷೆಯ ನಾಲಗೆಗೆ ಆರನೆಯದು ಭಾರವಲ್ಲ. ಆದರೂ ಇಂಗ್ಲಿಷ್ ಮಾಧ್ಯಮದ ಕೋರ್ಸೆಂದು ಜರ್ಮನ್ ಕಲಿಯದೆ ಹೋಗುವವರೇ ಹೆಚ್ಚು. ತರಗತಿಗೆ ಇಂಗ್ಲಿಷ್ ಸಾಕು. ಅಡಿಗೆಮನೆಗೆ ಸಾಲದು.

ತಡೆಗಳು

ತಪ್ಪೆಲ್ಲ ವಿದ್ಯಾರ್ಥಿಯದೇ ಅಲ್ಲ. ಸಾಲದ ಕಂತು ತಲೆಯ ಮೇಲಿದ್ದವನಿಗೆ ಭಾನುವಾರ ಊಟಕ್ಕೆ ಹೋಗುವ ಪುರುಸೊತ್ತು ಎಲ್ಲಿದೆ? ಬ್ರಿಟನ್ನಿನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯದಲ್ಲಿ ಎರಡು ವಾರಕ್ಕೆ 48 ಗಂಟೆ ದುಡಿಯಬಹುದು; ಆ ಗಂಟೆಗಳೆಲ್ಲ ಬಹುಪಾಲು ವಾರದ ಕೊನೆಗೇ ಬೀಳುತ್ತವೆ, ಮನೆಗಳು ಊಟಕ್ಕೆ ಕರೆಯುವ ಹೊತ್ತಿಗೇ. 2024ರ ಜನವರಿಯಲ್ಲಿ ಕೆನಡಾ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅದೇ ತಿಂಗಳಿಂದ ಬ್ರಿಟನ್ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳು ಮನೆಯವರನ್ನು ಕರೆತರುವುದನ್ನು ತಡೆಯಿತು. ಬಾಡಿಗೆ ಮನೆ ಸಿಗದ ಊರುಗಳಲ್ಲಿ ವಿದೇಶಿ ವಿದ್ಯಾರ್ಥಿಯೇ ಕಾರಣ ಎಂಬ ದೂರು ಎದ್ದಿದೆ. ‘ನೀನು ಯಾವಾಗ ವಾಪಸ್ಸು?’ ಎಂದು ಸರಕಾರ ಕೇಳುವ ಕಡೆ ‘ನೀನು ಯಾವಾಗ ಊಟಕ್ಕೆ?’ ಎಂದು ಕೇಳುವ ದನಿ ತಗ್ಗುತ್ತದೆ. ಬಣ್ಣದ ತಾರತಮ್ಯವೂ ಸುಳ್ಳಲ್ಲ. ಸ್ಕಾಟರ ಹೆಣ್ಣುಮಕ್ಕಳ ಹೆದರಿಕೆ ಎಲ್ಲ ಮನೆಗಳಲ್ಲೂ ನಗುವಿನಲ್ಲಿ ಮುಗಿಯುವುದಿಲ್ಲ.

ಹೀಗಿದ್ದೂ ಕಷ್ಟಕ್ಕೆ ಒದಗಿದ್ದು ಗುರುತಿಲ್ಲದ ಮನೆಗಳೇ ಎಂಬುದಕ್ಕೆ 2022ರ ಉಕ್ರೇನ್ ಯುದ್ಧ ಸಾಕ್ಷಿ. ವೈದ್ಯಕೀಯ ಓದಲು ಹೋದ ಸಾವಿರಾರು ಭಾರತೀಯರು ಅಲ್ಲಿ ಸಿಕ್ಕಿಕೊಂಡರು. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತಾಗ ಕರ್ನಾಟಕವೇ ತಲ್ಲಣಿಸಿತು. ಗಡಿ ದಾಟಿ ಪೋಲೆಂಡ್, ರೊಮೇನಿಯ, ಹಂಗೇರಿಗಳಿಗೆ ಬಂದವರಿಗೆ ಅಲ್ಲಿನ ಸಾಮಾನ್ಯ ಜನ ಬಿಸಿ ಊಟ, ಹೊದಿಕೆ, ಮಲಗಲು ಜಾಗ ಕೊಟ್ಟರು. ಅವರಿಗೆ ಈ ವಿದ್ಯಾರ್ಥಿಗಳ ಗುರುತೇ ಇರಲಿಲ್ಲ.

ಕನ್ನಡಿ ನಮ್ಮ ಕಡೆಗೆ

ಇಷ್ಟು ಹೇಳಿದ ಮೇಲೆ ನಮ್ಮ ಅಂಗಳ ನೋಡಿಕೊಳ್ಳಬೇಕು. ಓದಲು ಬಂದ ಪರವೂರ ಹುಡುಗನಿಗೆ ಅನ್ನ ಹಾಕುವ ಪದ್ಧತಿ ನಾವೂ ಬಲ್ಲೆವು. ವಾರಾನ್ನ ಅಂದರೆ ಅದೇ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಅನ್ನ ಉಂಡು ಮೇಲೆ ಬಂದವರ ಆತ್ಮಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಆದರೆ ಆ ಎಲೆಗೆ ಜಾತಿಯ ಬೇಲಿ ಇತ್ತು. ಬೇಲಿಯಾಚೆಯ ಹುಡುಗನಿಗೆ ಒಳಮನೆ ಹಾಗಿರಲಿ, ಜಗಲಿಯೂ ದೂರ. ಪರದೇಶದಲ್ಲಿ ತಾರತಮ್ಯ ಕಂಡು ನೋಯುವ ನಾವು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಬೇರೆ ಬಗೆಯ ಉದಾಹರಣೆ ಹತ್ತಿರದಲ್ಲೇ ಇದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ, 2025ರಲ್ಲಿ ತೀರಿಕೊಳ್ಳುವವರೆಗೂ ಹಾಡು ಕೇಳಿ ಬಂದ ವಿದ್ಯಾರ್ಥಿಗಳನ್ನು, ಸಂಶೋಧಕರನ್ನು ತಮ್ಮ ಮನೆಯಲ್ಲಿ ಕೂರಿಸಿಕೊಂಡು ಹಾಡಿದರು. ಶಾಲೆ ಕಾಣದ ಆ ಅಜ್ಜಿಯ ಮನೆ, ಬಂದ ವಿದ್ಯಾರ್ಥಿಗಳಿಗೆ ಶಾಲೆಯಾಗಿತ್ತು.

ಕಾರವಾರದ ಸುತ್ತ ಈಗ ಹೊರಗಿನವರು ಕಡಿಮೆಯಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ ವಸತಿ, 2005ರಲ್ಲಿ ಶುರುವಾದ ಐಎನ್ಎಸ್ ಕದಂಬ ನೌಕಾನೆಲೆ, ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು. ಕೇರಳ, ಬಿಹಾರ, ಬಂಗಾಳ, ಬೀದರ್, ಬಳ್ಳಾರಿಯಿಂದ ಬಂದವರು ವರ್ಷಗಟ್ಟಲೆ ಇಲ್ಲಿದ್ದು ಹೋಗುತ್ತಾರೆ. ಅಣೆಕಟ್ಟು, ನೌಕಾನೆಲೆಗಳಿಗೆ ನೆಲ ಬಿಟ್ಟುಕೊಟ್ಟ ಊರುಗಳ ನೋವು ಬೇರೆ, ಅದಕ್ಕೆ ಕಾರಣವೂ ಇದೆ. ಆದರೆ ಓದಲು ಬಂದ ಹುಡುಗಿಯ ಮೇಲೆ ಆ ಸಿಟ್ಟು ತೀರಿಸಲಾಗದು. ಅವರಲ್ಲಿ ಎಷ್ಟು ಮಂದಿ ಕಾರವಾರದ ಒಂದು ಮನೆಯ ಒಳಗೆ ಕೂತು ಮುರುಗಲ ಸಾರು ಕುಡಿದಿದ್ದಾರೆ? ಬೇಸಿಗೆಯಲ್ಲಿ ಎಷ್ಟು ಮಂದಿಗೆ ಕರಿ ಈಶಾಡು ಹಣ್ಣು ಪೇಟೆಯಿಂದಲ್ಲದೆ ಯಾರದೋ ಹಿತ್ತಲಿಂದ ಸಿಕ್ಕಿದೆ?

ಈ ಲೇಖನದ ತೀರ್ಪು ಇಷ್ಟು. ಹೊರದೇಶದಲ್ಲಿ ನಮ್ಮವರ ಗುಂಪು ಬದುಕಿಸುತ್ತದೆ, ಆ ನೆಲದ ಮನೆ ಬೆಳೆಸುತ್ತದೆ. ಎರಡೂ ಬೇಕು, ಮೊದಲನೆಯದರಲ್ಲೇ ನಿಂತರೆ ಅರ್ಧ ಓದು. ಬಾಗಿಲು ತೆರೆಯುವುದು ಬುದ್ಧಿವಂತಿಕೆಗಲ್ಲ, ಕೈಗೆ: ಪಾತ್ರೆ ತೊಳೆಯುವ, ಬೆಂಚು ಎತ್ತುವ, ಅವರ ಭಾಷೆಯಲ್ಲಿ ತಪ್ಪುತಪ್ಪಾಗಿಯಾದರೂ ಮಾತಾಡುವ ಹುಡುಗನಿಗೆ. ನಮ್ಮ ಕಾಲೇಜುಗಳು ಹೊರಗೆ ಹೊರಟವರಿಗೆ, ಇದ್ದು ಬಂದವರಿಂದ ಒಂದು ದಿನ ಮಾತಾಡಿಸಿದರೂ ಆತ್ಮಾರಾಮರ ಮನೆಯ ಕೆಲಸ ಅಷ್ಟಿಷ್ಟು ಆದೀತು. ಮತ್ತು ಹೊರಗಿನವನನ್ನು ಒಳಗೆ ಕರೆದ ಮನೆಯಲ್ಲಿ ಬೆಳೆದ ಮಗು, ಹೊರಗೆ ಹೋದಾಗ ಒಳಗೆ ಹೋಗುವ ದಾರಿಯನ್ನೂ ಬಲ್ಲದು.

ಕಾರವಾರದಲ್ಲಿದ್ದಾಗ ಟಾಗೋರರು ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು. ಶಿವಾಜಿಯ ಕಾಲದ ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿದರು. ಉಂಡದ್ದು ಜೊತೆಗೆ ಒಯ್ದ ಬುತ್ತಿಯನ್ನು. ಅಂಗಳದವರೆಗೆ ಬಂದ ಅತಿಥಿ ಅಲ್ಲಿಂದಲೇ ಹಿಂದಿರುಗಿದ. ಈ ಬಾರಿ ಹಾಗಾಗುವುದು ಬೇಡ. ಕಾರವಾರದ ಹಾಸ್ಟೆಲಿನಲ್ಲೋ ಅಂಕೋಲೆಯ ಬಾಡಿಗೆ ಕೋಣೆಯಲ್ಲೋ ಪರವೂರ ವಿದ್ಯಾರ್ಥಿಯೊಬ್ಬರು ನಿಮಗೆ ಗೊತ್ತಿದ್ದರೆ, ಬರುವ ಭಾನುವಾರ ಒಂದು ಎಲೆ ಹೆಚ್ಚು ಹಾಕಿ.